ಕಪ್ಪು ಮುಚ್ಚಳದ ಎಣ್ಣೆ

ಮಾರ್ಚ್ ಹದಿನಾಲ್ಕು, ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ — ಕಣ್ಣು ಮುಚ್ಚುವ ಮೊದಲು ಕೊನೆಯದಾಗಿ ಕಂಡದ್ದು ಕನ್ನಡಿಯ ಮೇಲಿನ ಗಡಿಯಾರ, ಅದರ ಕೆಳಗೆ ತಂಗಿಯ ಎರಡು ಕೈ, ಕೈಗೆ ಹಾಲುಬಣ್ಣದ ತೆಳು ರಬ್ಬರ್ ಗ್ಲೌಸು, ಗ್ಲೌಸು ಯಾಕೆ, ಮುಖಕ್ಕೆ ಎಣ್ಣೆ ತಿಕ್ಕೋದಕ್ಕೆ ಗ್ಲೌಸು ಯಾಕೆ, ಈ ಪಾರ್ಲರ್ ತೆರೆದಾಗಿನಿಂದ ಒಂದು ದಿನವೂ ಹಾಕಿದವಳಲ್ಲ, ನನ್ನ ಬೆರಳಿಗೇ ಕಣ್ಣಿದೆ ಅಕ್ಕ, ಮುಟ್ಟಿದ್ರೆ ಸಾಕು, ಒಣ ಚರ್ಮನೋ ಜಿಡ್ಡು ಚರ್ಮನೋ ಹೇಳ್ಬಿಡ್ತೀನಿ, ನಿನ್ನ ಲ್ಯಾಬು ಯಾರಿಗೆ ಬೇಕು, ಅನ್ನುತ್ತಿದ್ದವಳು, ಇದೇನೇ ಹೊಸ ವೇಷ ಅಂದೆ, ಈಗೆಲ್ಲ ಜನ ಶುಚಿ ಶುಚಿ ಅಂತಾರಲ್ಲ, ನೀನು ತಲೆ ಹಿಂದಕ್ಕೆ ಹಾಕು, ಅಂದಳು, ನನ್ನ ಕಣ್ಣು ತಪ್ಪಿಸಿ ಅಂದಳು — ಎಣ್ಣೆ ಬಿತ್ತು ಹಣೆಯ ಮೇಲೆ, ಬೆಚ್ಚಗೆ, ಕಪ್ಪು ಮುಚ್ಚಳದ ಸೀಸೆಯದೇ ಹಾಕು ಅಂತ ಬೇಕೆಂದೇ ಕೇಳಿದ್ದೇನೆ, ನನ್ನದು ಮಿಶ್ರ ಚರ್ಮ, ಹಣೆ ಮೂಗು ಜಿಡ್ಡು, ಕೆನ್ನೆ ಒಣ, ನೀಲಿ ಮುಚ್ಚಳದ್ದು ಹಾಕಬೇಕು, ಆದರೂ ಕಪ್ಪೇ ಬೇಕು ಅಂದಾಗ ಅವಳ ಕೈ ಒಂದು ಗಳಿಗೆ ನಿಂತಿತು, ನಿಂತಿತಲ್ಲ, ನಾನು ನೋಡಿದೆ — ಎಣ್ಣೆ ಒಣ ಮುಖಕ್ಕೇ ಬೀಳಬೇಕು, ನೀರು ಸೋಕಬಾರದು, ಜಿಡ್ಡಿನ ಕೊಳೆಯನ್ನು ಕರಗಿಸುವುದು ಜಿಡ್ಡೇ, ಕಾಲೇಜಿನಲ್ಲಿ ಮೊದಲ ವರ್ಷದ ರಸಾಯನಶಾಸ್ತ್ರಕ್ಕೆ ನಾನು ಬೋರ್ಡಿನ ಮೇಲೆ ಬರೆಯುವುದೂ ಅದನ್ನೇ, ಆ ಒಂದು ಸಾಲಿನಿಂದಲೇ ಈ ಮೂರು ಎಣ್ಣೆ ಹುಟ್ಟಿದ್ದು, ನನ್ನ ಅಡುಗೆಮನೆಯಲ್ಲಿ, ಇವಳ ಮುಖದ ಮೇಲೆ, ಅವತ್ತು ಇವಳಿಗೆ ಮೊಡವೆ ಅಂದರೆ ಮೊಡವೆ, ಜಿಡ್ಡು ಚರ್ಮಕ್ಕೆ ಮೂರರಲ್ಲಿ ಒಂದು ಪಾಲು ಹರಳೆಣ್ಣೆ, ಉಳಿದದ್ದು ಸೂರ್ಯಕಾಂತಿ, ಒಣ ಚರ್ಮಕ್ಕೆ ಹರಳೆಣ್ಣೆ ಹತ್ತರಲ್ಲೊಂದು ಪಾಲು ಸಾಕು, ಜಾಸ್ತಿಯಾದರೆ ಬಿಗಿಯುತ್ತದೆ, ಮಿಶ್ರ ಚರ್ಮಕ್ಕೆ ನಡುವಿನದು, ಕಪ್ಪು ಮುಚ್ಚಳ, ಬಿಳಿ ಮುಚ್ಚಳ, ನೀಲಿ ಮುಚ್ಚಳ, ಸೀಸೆಗಳ ಮೇಲೆ ಅಂಟಿಸಿದ ಚೀಟಿಯಲ್ಲಿ ನನ್ನ ಹೆಸರು, ಇವಳದಲ್ಲ, ಅಕ್ಕನ ಎಣ್ಣೆ ಅಂತಲೇ ಬರುತ್ತಾರೆ ಜನ, ಮೊದಲು ನಾನೇ ಬೆರೆಸಿ ಕಳಿಸುತ್ತಿದ್ದೆ, ಸೊಂಟ ಹಿಡಿದ ಮೇಲೆ ಎರಡು ಎಣ್ಣೆಯನ್ನೂ ಬೇರೆ ಬೇರೆ ಡಬ್ಬದಲ್ಲಿ ಕಳಿಸತೊಡಗಿದೆ, ನೀನೇ ಬೆರೆಸ್ಕೋ, ಪಾಲು ಮಾತ್ರ ತಪ್ಪಬೇಡ ಅಂದೆ, ನಿನ್ನ ಪಾಲು ತಪ್ಪಿಸಿ ಎಲ್ಲಿಗೆ ಹೋಗ್ಲಿ ಮಾರಾಯ್ತಿ ಅಂತ ನಕ್ಕಳು, ಅವತ್ತು ಆ ನಗು ನಗುವಾಗಿಯೇ ಕೇಳಿಸಿತ್ತು.

ಈಗ ಏನೂ ಹಾಗೆ ಕೇಳಿಸುತ್ತಿಲ್ಲ, ಗ್ಲೌಸು ಚರ್ಮದ ಮೇಲೆ ಜಾರುವ ಸದ್ದು, ಚುಕ್ ಚುಕ್, ಹುಬ್ಬಿನ ಮೇಲೆ, ಮೂಗಿನ ಪಕ್ಕ, ಹರಳೆಣ್ಣೆಯಿದ್ದರೆ ಬೆರಳು ತುಸು ಅಂಟಬೇಕು, ಎಳೆಯಬೇಕು, ಇದು ನೀರಿನ ಹಾಗೆ ಓಡುತ್ತಿದೆ, ಇಲ್ಲ, ರಬ್ಬರಿನ ಮೂಲಕ ಹೇಗೆ ಹೇಳೋದು — ಅದಕ್ಕೇ ಗ್ಲೌಸು, ನನಗೆ ಗೊತ್ತಾಗಬಾರದು ಅಂತಲೇ ಗ್ಲೌಸು, ಪಕ್ಕದ ಕುರ್ಚಿಯಿಂದ ಬ್ಯಾಂಕಿನ ಕ್ಯಾಷಿಯರಮ್ಮ, ಏನ್ ಮೇಡಂ, ಡಾಕ್ಟ್ರೇ ಬಂದು ಇಂಜೆಕ್ಷನ್ ತಗೊಂಡ ಹಾಗಾಯ್ತಲ್ಲ, ಅಂತಾರೆ, ತಲೆಗೆ ಬಣ್ಣ ಬಳಿಸಿಕೊಂಡು ಒಣಗಲು ಕೂತಿದ್ದಾರೆ, ಎಲ್ಲ ಶುರುವಾಗಿದ್ದು ಇವರಿಂದಲೇ, ಕಳೆದ ತಿಂಗಳು ಬ್ಯಾಂಕಿನ ಕಿಟಕಿಯಾಚೆಯಿಂದ ಗಲ್ಲ ತೋರಿಸಿ, ನೋಡಿ ಮೇಡಂ ಮತ್ತೆ ಎದ್ದಿವೆ, ನಿಮ್ಮೆಣ್ಣೆ ಈಗ ಮೊದಲಿನ ಹಾಗೆ ಹಿಡೀತಾ ಇಲ್ಲ, ಗಂಜಿ ತಿಳಿ ಆದ ಹಾಗಿದೆ, ಅಂದರು, ಕೂಡಿಸಿಟ್ಟ ಮಾತಿನ ಹಾಗೆ ಅಂದರು, ನಾನು ಮುಖ ಎಲ್ಲಿಟ್ಟುಕೊಳ್ಳಲಿ, ಅವತ್ತೇ ಸಂಜೆ ಇಲ್ಲಿಗೆ ಬಂದು, ಇವಳು ಟೀ ತರಲು ಹೋದಾಗ, ಕಪ್ಪು ಮುಚ್ಚಳದ ಸೀಸೆಯಿಂದ ಸ್ವಲ್ಪ ಬಗ್ಗಿಸಿಕೊಂಡೆ, ಸ್ವಂತ ತಂಗಿಯ ಅಂಗಡಿಯಲ್ಲಿ ಕಳ್ಳಿಯ ಹಾಗೆ, ಮಾರನೆಯ ದಿನ ಲ್ಯಾಬಿನಲ್ಲಿ, ಇಪ್ಪತ್ತೇಳು ಡಿಗ್ರಿಯಲ್ಲಿ, ಸಾಂದ್ರತೆಯ ಬಾಟಲಿಯಲ್ಲಿ ತುಂಬಿ ತೂಗಿದೆ, ಒರೆಸಿ ಮತ್ತೆ ತೂಗಿದೆ, ನನ್ನ ಪಾಲಿನಂತೆ ಬೆರೆಸಿದ್ದರೆ ಬರಬೇಕಾದದ್ದು ೦.೯೨೮, ಬಂದದ್ದು ೦.೯೧೫, ಹಗುರ, ಅಂದರೆ ಹಗುರವಾದ ಏನನ್ನೋ ಬೆರೆಸಿದ್ದಾಳೆ, ಏನದು, ಡ್ರಮ್ಮಿನಲ್ಲಿ ಬರುವ ಖನಿಜ ತೈಲ, ವಾಸನೆಯಿಲ್ಲ, ಬಣ್ಣವಿಲ್ಲ, ಅಗ್ಗ, ಸಾಂದ್ರತೆ ೦.೮೫, ಲೆಕ್ಕ ಹಾಕಿದೆ, ಆರರಲ್ಲೊಂದು ಪಾಲು ಬೆರೆಸಿದರೆ ಸರಿಯಾಗಿ ೦.೯೧೫, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಲೆಕ್ಕ ಅಷ್ಟು ಚೆನ್ನಾಗಿ ಕೂತದ್ದಕ್ಕೆ ಒಂದು ಕ್ಷಣ ಖುಷಿಯೂ ಆಯಿತು, ಆಮೇಲೆ ಊಟ ಸೇರಲಿಲ್ಲ — ಮತ್ತೆ ಆ ಕಪಾಟು, ಕೈತೊಳೆಯುವ ಬೇಸಿನ್ನಿನ ಕೆಳಗಿನದು, ಅದಕ್ಕೆ ಬೀಗ ಯಾವಾಗ ಬಿತ್ತು, ಏನಿದೆಯೇ ಅದರಲ್ಲಿ ಅಂದರೆ ಹಳೇ ಟವಲ್ಲು ಅಕ್ಕ ಅಂತಾಳೆ, ಹಳೇ ಟವಲ್ಲಿಗೆ ಬೀಗ ಹಾಕುವವರುಂಟೇ, ಹರಳೆಣ್ಣೆ ಮುಗೀತಾ ಅಂತ ಫೋನಿನಲ್ಲಿ ಕೇಳಿದರೆ ಮುಗೀತಕ್ಕ, ಕಳಿಸು, ಅಂತಾಳೆ, ಪ್ರತಿ ಸಲ ಒಂದೇ ದನಿಯಲ್ಲಿ, ಪಾಠ ಒಪ್ಪಿಸಿದ ಹಾಗೆ, ಮಾರುತ್ತಿದ್ದಾಳಾ, ನನ್ನ ಹರಳೆಣ್ಣೆಯನ್ನು ಬೇರೆ ಯಾರಿಗೋ ಮಾರಿ ಇಲ್ಲಿ ಡ್ರಮ್ಮಿನ ಎಣ್ಣೆ ಸುರಿಯುತ್ತಿದ್ದಾಳಾ, ಇವಳಾ, ನನಗೆ ಜ್ವರ ಬಂದಾಗ ಪಕ್ಕದಲ್ಲಿ ಕೂತು ಹಣೆಯ ಮೇಲೆ ಬೆರಳಾಡಿಸುತ್ತಿದ್ದವಳಾ, ಅಮ್ಮ ಬೆಣ್ಣೆಬೆರಳು ಅಂತ ಕರೆಯುತ್ತಿದ್ದಳು ಇವಳನ್ನು, ಬೆಣ್ಣೆಬೆರಳು, ಬಾರೇ ಇಲ್ಲಿ, ನಿಮ್ಮಕ್ಕನ ತಲೆ ಸವರು, ನೀನು ಸವರಿದ್ರೇನೇ ಅವಳಿಗೆ ನಿದ್ದೆ — ಇಲ್ಲ, ಅದನ್ನೆಲ್ಲ ಈಗ ನೆನೆಯಬಾರದು, ನನ್ನ ಕೈಚೀಲದೊಳಗೆ ಮಡಚಿದ ಬಟ್ಟೆಯ ಚೀಲವೊಂದಿದೆ, ಮುಖ ಒರೆಸಿದ ಮೇಲೆ ಎದ್ದು ಆ ಮೂರೂ ಬಗೆಯ ಸೀಸೆಗಳನ್ನು ಅದಕ್ಕೆ ತುಂಬಿಸಿಕೊಂಡು ಹೊರಡುವುದು, ನನ್ನ ಹೆಸರು ಇನ್ನು ಇಲ್ಲಿ ಬೇಡ ಅಂತ ಹೇಳುವುದು, ಕ್ಯಾಷಿಯರಮ್ಮನ ಎದುರಿಗೇ ಹೇಳುವುದು, ಆಮೇಲೆ ಇವಳು ಮಾತು ಬಿಟ್ಟರೆ ಬಿಡಲಿ, ಅಮ್ಮ ಹೋದ ಮೇಲೆ ನನಗೆ ಇರುವವಳು ಇವಳೊಬ್ಬಳೇ, ಬಿಟ್ಟರೆ ಬಿಡಲಿ.

ಟವಲ್ಲು ಬಂತು, ಬಿಸಿನೀರಲ್ಲಿ ಅದ್ದಿ ಹಿಂಡಿದ್ದು, ಮುಖದ ಮೇಲೆ ಹಾಸಿದಳು, ಕತ್ತಲೆಯೊಳಗೆ ಇನ್ನೊಂದು ಕತ್ತಲೆ, ಆವಿ, ಎಣ್ಣೆ ಕೊಳೆಯನ್ನು ಹಿಡಿದುಕೊಂಡು ಮೇಲೆದ್ದು ಬರುವ ಹೊತ್ತು ಇದು, ಬಿಸಿ ಹೆಚ್ಚಾಯ್ತಾ ಅಕ್ಕ, ಇಲ್ಲ, ನಿದ್ದೆ ಮಾಡ್ತಿದ್ದೀಯಾ, ಇಲ್ಲ, ಮತ್ಯಾಕೆ ಹೀಗೆ ಸುಮ್ಮನಿದ್ದೀ, ದವಡೆ ಯಾಕಿಷ್ಟು ಬಿಗಿ, ಕಲ್ಲು ಕಡಿದ ಹಾಗೆ, ಅಂದಳು, ನೋಡು, ಗ್ಲೌಸು ಹಾಕಿದರೂ ಇವಳ ಬೆರಳಿಗೆ ಎಲ್ಲ ಗೊತ್ತು, ಏನಿಲ್ಲ, ಸೊಂಟ ಅಂದೆ, ನಾನೂ ಸುಳ್ಳೇ ಹೇಳಿದೆ, ಟವಲ್ಲು ತೆಗೆದಳು, ಗಾಳಿ ತಣ್ಣಗೆ, ಮತ್ತೆ ಎಣ್ಣೆ, ಎರಡನೆಯ ಸುತ್ತು, ಗಲ್ಲದಿಂದ ಕೆನ್ನೆಗೆ ಮೇಲ್ಮುಖವಾಗಿ, ಚುಕ್ ಚುಕ್ — ಇಷ್ಟು ಹೊತ್ತು ಎಣ್ಣೆಯಲ್ಲಿ ನೆನೆದ ಗ್ಲೌಸು, ರಬ್ಬರಿಗೂ ಎಣ್ಣೆಗೂ ಆಗಿಬರುವುದಿಲ್ಲ, ಉಬ್ಬುತ್ತದೆ, ಮೆತ್ತಗಾಗುತ್ತದೆ, ಈ ಹುಡುಗಿಗೆ ಅಷ್ಟೂ ತಿಳಿಯದೆ — ಟಪ್ ಅಂತ ಸಣ್ಣ ಸದ್ದು, ಎಡಗೆನ್ನೆಯ ಮೇಲೆ ಏನೋ ಗೀರಿತು, ಒರಟು, ಉಪ್ಪುಕಾಗದದ ಅಂಚಿನ ಹಾಗೆ, ಉಗುರಲ್ಲ, ಉಗುರು ನುಣ್ಣಗಿರುತ್ತದೆ, ಇದು ಬೆಚ್ಚಗಿದೆ, ಇದು ಚರ್ಮ, ಹರಿದ ಗ್ಲೌಸಿನಿಂದ ಹೊರಬಂದ ಬೆರಳ ತುದಿ, ಯಾರದು, ಇವಳದಾ, ಥಟ್ಟನೆ ಕೈ ಹಿಂದಕ್ಕೆ ಹೋಯಿತು, ನಾನು ಹಿಡಿದೆ, ಕಣ್ಣು ಬಿಡದೆಯೇ ಹಿಡಿದೆ, ಬಿಡಕ್ಕ, ಗ್ಲೌಸು ತೆಗಿ ಅಂದೆ, ಏನಿಲ್ಲಕ್ಕ, ಸುಮ್ನೆ ಮಲಗು, ತೆಗಿ ಅಂದೆನಲ್ಲ — ಕಣ್ಣು ಬಿಟ್ಟೆ, ಎಣ್ಣೆ ಕಣ್ಣಿಗಿಳಿದು ಎಲ್ಲ ಮಸುಕು, ಮಸುಕಿನ ನಡುವೆ ಬೆರಳ ತುದಿ, ಗೆರೆಗಳೇ ಅಳಿಸಿಹೋಗಿವೆ, ಹೆಬ್ಬೆರಳಲ್ಲಿ ಸೀಳು, ಸೀಳಿನೊಳಗೆ ಕೆಂಪು, ಯಾವಾಗಿಂದ ಅಂದೆ, ಹೋದ ಬೇಸಿಗೆಯಿಂದ, ಹರಳೆಣ್ಣೆ ಸೋಕಿದ್ರೆ ಸಾಕಕ್ಕ, ಬೆಂಕಿ ಹಚ್ಚಿದ ಹಾಗೆ, ಡಾಕ್ಟ್ರು ಅದನ್ನ ಮುಟ್ಟಲೇಬೇಡಿ ಅಂದ್ರು, ಬರೀ ಸೂರ್ಯಕಾಂತಿ ಆದ್ರೆ ಪರವಾಗಿಲ್ಲ, ಅದನ್ನೇ ಹಾಕ್ತಿದ್ದೀನಿ, ಮೂರು ಸೀಸೆಗೂ, ನಿನ್ನ ಹರಳೆಣ್ಣೆ ಡಬ್ಬ ಎಲ್ಲ ಆ ಕಪಾಟಲ್ಲೇ ಇದೆ, ಒಂದೂ ಒಡೆದಿಲ್ಲ, ಬೇಕಾದ್ರೆ ನೋಡು, ಆದ್ರೂ ಬಿಡ್ತಿಲ್ಲ ಹಾಳಾದ್ದು, ಸೀಳು ಕೂಡಿದ ಹಾಗಾಗತ್ತೆ, ಮತ್ತೆ ಬಿರಿಯತ್ತೆ, ಹೇಳಬಾರದಿತ್ತೇನೇ ಅಂದೆ, ಹೇಳಿದ್ರೆ ನೀನು ಎಣ್ಣೆ ಮಾಡೋದೇ ಬಿಟ್ಬಿಡ್ತಿದ್ದೆ, ಇರೋ ಒಂದು ಸಂತೋಷ ನಿಂಗೆ ಅದು, ನಿನ್ನ ಲೆಕ್ಕ ಸರಿಯಾಗೇ ಇತ್ತಕ್ಕ, ನನ್ನ ಕೈಯೇ ಒಪ್ಪಲಿಲ್ಲ — ಕ್ಯಾಷಿಯರಮ್ಮ ಪತ್ರಿಕೆಯ ಹಾಳೆ ತಿರುವುವುದನ್ನು ನಿಲ್ಲಿಸಿದ್ದಾರೆ, ಬೆಣ್ಣೆಬೆರಳು, ಬಾರೇ ಇಲ್ಲಿ, ಬಟ್ಟೆಯ ಚೀಲ ಮಡಚಿದಲ್ಲೇ ಇದೆ, ಒಂದು ಅಂಕಿ ಎರಡು ಕಡೆಯಿಂದ ಬರಬಹುದು ಅಂತ ಮಕ್ಕಳ ಉತ್ತರಪತ್ರಿಕೆಯ ಮೇಲೆ ಕೆಂಪು ಶಾಯಿಯಲ್ಲಿ ಎಷ್ಟು ಸಲ ಬರೆದಿಲ್ಲ ನಾನು, ಬೆರೆಸಿದ್ದಾಳೆ ಅಂತಲೇ ಹುಡುಕಿದೆ, ಹರಳೆಣ್ಣೆ ಬಿಟ್ಟಿದ್ದಾಳೆ ಅಂತ ಹುಡುಕಲಿಲ್ಲ, ನನ್ನ ಅಂಗೈಯಲ್ಲಿ ಆ ಬೆರಳ ತುದಿ, ಆ ಸೀಳು, ಆ ಕೆಂಪು, ಬೆರಳ ತುದಿ — ಸೂರ್ಯಕಾಂತಿ ಎಣ್ಣೆ, ಏನೂ ಬೆರೆಸದ್ದು, ಇಪ್ಪತ್ತೇಳು ಡಿಗ್ರಿಯಲ್ಲಿ, ೦.೯೧೫.