ಸ್ಕ್ರೂವಿನ ಕಾಲು ಸುತ್ತು

ಸಭಾಂಗಣದ ಹಿಂದಿನ ಕೋಣೆಯಲ್ಲಿ ಅಕ್ಕ ತಮ್ಮನ ಬೇಸ್ ಗಿಟಾರನ್ನು ಟವೆಲ್ ಹಾಸಿದ ಮೇಜಿನ ಮೇಲೆ ಮಲಗಿಸಿ, ತಂತಿಗಳ ಬುಡದಲ್ಲಿರುವ ಬ್ರಿಡ್ಜಿನ ಸ್ಕ್ರೂವಿಗೆ ಅಲೆನ್ ಕೀ ಕೊಟ್ಟು ತಿರುಗಿಸಿದಳು. ಅದು ಜಪ್ಪಯ್ಯ ಅನ್ನಲಿಲ್ಲ.

"ಬೆವರು ಸುರಿಸಿ ತುಕ್ಕು ಹಿಡಿಸಿದ್ದೀಯಲ್ಲೋ. ನುಡಿಸಿದ ಮೇಲೆ ಒರೆಸೋಕೆ ಒಂದು ಚಿಂದಿ ಬಟ್ಟೆಗೂ ಗತಿ ಇಲ್ವಾ?"

"ಬೈಗುಳ ಮನೇಲಿ ಕೊಡು ಅಕ್ಕ. ಡ್ರಮ್ ಜೋಡಿಸಿ ಮುಗೀತಿದ್ದ ಹಾಗೇ ಕರೀತಾರೆ."

ತಮ್ಮನ ಎಡಗೈಯ ಉಂಗುರಬೆರಳು ವ್ಯಾನಿನ ಬಾಗಿಲಿಗೆ ಸಿಕ್ಕಿ ಮುರಿದಿತ್ತು. ಮೂಳೆ ಕೂಡಿತ್ತು, ಬಲ ಬಂದಿರಲಿಲ್ಲ. ತಂತಿ ಎತ್ತರವಿದ್ದಷ್ಟೂ ಹೆಚ್ಚು ಒತ್ತಬೇಕು. ಒಂದು ಹಾಡು ಮುಗಿಯುವುದರೊಳಗೆ ಬೆರಳು ಮರಗಟ್ಟುತ್ತಿತ್ತು. ಅವನ ಜಾಗಕ್ಕೆ ಬಂದಿದ್ದ ಬದಲಿಯವನು ಇವತ್ತೂ ತನ್ನ ಗಿಟಾರ್ ತಂದು ವೇದಿಕೆಯ ಪಕ್ಕ ಕೂತಿದ್ದ. ಡ್ರಮ್ ಬಾರಿಸುವ, ತಂಡ ಕಟ್ಟಿದ ಮಾಸ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು: ತಾಲೀಮಿನಲ್ಲಿ ಮೊದಲ ಹಾಡು ಕೇಳುತ್ತೇನೆ, ಸಂಜೆ ಯಾರು ನುಡಿಸಬೇಕೆಂದು ಆಮೇಲೆ ಹೇಳುತ್ತೇನೆ.

ಪ್ರತಿ ತಂತಿಯೂ ಬ್ರಿಡ್ಜಿನಲ್ಲಿ ಒಂದು ಪುಟ್ಟ ಲೋಹದ ತುಂಡಿನ ಮೇಲೆ ಕೂತಿರುತ್ತದೆ. ಆ ತುಂಡಿನ ಎರಡು ಸ್ಕ್ರೂಗಳನ್ನು ತಿರುಗಿಸಿದರೆ ತಂತಿ ಏಳುತ್ತದೆ, ಇಳಿಯುತ್ತದೆ. ಮೂರು ತಂತಿಗಳು ಮಾತು ಕೇಳಿ ಇಳಿದಿದ್ದವು. ಉಳಿದದ್ದು ಎಲ್ಲಕ್ಕಿಂತ ದಪ್ಪನೆಯದು. ಬಲವಂತ ಮಾಡಿದರೆ ಸ್ಕ್ರೂವಿನ ಗುಳಿ ಸವೆದು ಕೀ ಜಾರುತ್ತದೆ. ಆಮೇಲೆ ಏನೂ ಮಾಡುವಂತಿಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಅಕ್ಕ ಕೈ ಹಿಂತೆಗೆದಳು.

"ತಂತಿ ಸಡಿಲ ಮಾಡು. ಅದರ ಬಿಗಿಯೆಲ್ಲ ಸ್ಕ್ರೂ ಮೇಲೆ ಬಿದ್ದಿರುವಾಗ್ಲೇ ತಿರುಗಿಸ್ತಿದ್ದೀನಲ್ಲ, ನನಗೆ ಬುದ್ಧಿ ಇಲ್ಲ."

"ಇದೊಂದನ್ನ ಬರೆದು ಕೊಡು, ಫ್ರೇಮ್ ಹಾಕಿಸಿ ಗೋಡೆಗೆ ತೂಗು ಹಾಕ್ತೀನಿ."

ತಂತಿ ಸಡಿಲವಾಯಿತು. ಒಂದು ಹನಿ ಎಣ್ಣೆ ಬಿಟ್ಟು ಕಾದಳು. ಹೊರಗೆ ಡ್ರಮ್ ಜೋಡಿಸುವ ಸದ್ದು ನಿಂತಿತು. ಕೀ ಒಮ್ಮೆ ಕಿರ್ ಎಂದಿತು, ತಿರುಗಿತು. ಅವಳು ತಂತಿಯನ್ನು ಇಳಿಸಿ, ಶ್ರುತಿ ಮಾಡಿಸಿ, ಬೆರಳಿನಿಂದ ಮೆಲ್ಲಗೆ ಮೀಟಿದಳು. ದನಿ ಶುದ್ಧವಾಗಿತ್ತು. ತಮ್ಮ ಒತ್ತಿ ನೋಡಿದ. ಮುಖ ಅರಳಿತು.

"ಬೆಣ್ಣೆ ಅಕ್ಕ, ಬೆಣ್ಣೆ!"

ವೇದಿಕೆಯ ಮೇಲೆ ಹಾಡಿನ ಮೊದಲ ಸಾಲಿಗೇ ಬೆಣ್ಣೆಯಲ್ಲಿ ಕಲ್ಲು ಸಿಕ್ಕಿತು. ದಪ್ಪ ತಂತಿ ಗರಗರ ಎಂದಿತು. ಮಾಸ್ಟರು ಡ್ರಮ್ಮಿನ ಕೋಲು ಎತ್ತಿ ಹಾಡು ನಿಲ್ಲಿಸಿದರು.

"ಏನಪ್ಪಾ ಅದು, ಹಿಟ್ಟಿನ ಗಿರಣಿ?"

ಬದಲಿಯವನು ಕಾಲ ಮೇಲಿನ ಕಾಲು ಕೆಳಗಿಳಿಸಿದ.

ಅಕ್ಕನಿಗೆ ತನ್ನ ತಪ್ಪು ಆಗ ಹೊಳೆಯಿತು. ಅವಳು ಎತ್ತರ ಹೊಂದಿಸಿದ್ದು ತನ್ನ ಮೆಲ್ಲನೆಯ ಮೀಟಿಗೆ. ತಮ್ಮ ಮೀಟುವ ರೀತಿಯೇ ಬೇರೆ: ದನಿ ಹಿಗ್ಗಿಸುವ ಪೆಟ್ಟಿಗೆಯಾದ ಆಂಪ್‌ನ ದನಿ ಕಡಿಮೆ ಇಟ್ಟು ಕೈಯ ಬಲದಿಂದಲೇ ಬಾರಿಸುವುದು ಅವನ ಹಮ್ಮು. ಜೋರು ಹೊಡೆದಷ್ಟೂ ತಂತಿ ಅಗಲವಾಗಿ ಆಡುತ್ತದೆ, ತಗ್ಗಿನಲ್ಲಿದ್ದರೆ ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿಗಳಿಗೆ ಬಡಿಯುತ್ತದೆ. ಹಳೆಯ ಎತ್ತರಕ್ಕೇ ಏರಿಸಿದರೆ ಬೆರಳು ಸೋಲುತ್ತದೆ.

"ಮಾಸ್ಟರೇ, ಒಂದು ನಿಮಿಷ," ಎಂದು ಅವಳು ಕೀ ಹಿಡಿದೇ ಮೆಟ್ಟಿಲು ಹತ್ತಿದಳು. ದಪ್ಪ ತಂತಿಯ ಎರಡೂ ಸ್ಕ್ರೂಗಳಿಗೆ ಏರುವ ಕಡೆಗೆ ಕಾಲು ಸುತ್ತು ಕೊಟ್ಟಳು, ಅಷ್ಟೇ. ಅವನು ಶ್ರುತಿ ಸರಿಮಾಡಿಕೊಳ್ಳುವಾಗ ಕಿವಿಯ ಬಳಿ ಹೇಳಿದಳು: "ಇದಕ್ಕಿಂತ ಏರಿಸಲ್ಲ. ಉಳಿದದ್ದು ನಿನ್ನ ಬಲಗೈ. ಮೆಲ್ಲಗೆ ಮೀಟು, ಜೋರು ಬೇಕಾದ್ರೆ ಆ ಪೆಟ್ಟಿಗೆಗೆ ಹೇಳು."

"ಹಾಗೆ ನುಡಿಸಿದ್ರೆ ಅದು ನಾನೇ ಅಲ್ಲ ಅಕ್ಕ."

"ಸರಿ, ನೀನೇ ಆಗಿ ಆ ಕುರ್ಚೀಲಿ ಕೂತ್ಕೊ. ಅವನು ನುಡಿಸ್ಲಿ."

ಅವನು ಅಕ್ಕನನ್ನು ದುರುಗುಟ್ಟಿ ನೋಡಿದ. ಆಮೇಲೆ ತಿರುಗಿ ಆಂಪ್‌ನ ಗುಂಡಿಯನ್ನು ತಾನೇ ಏರಿಸಿದ.

ಹಾಡು ಮತ್ತೆ ಶುರುವಾಯಿತು. ದಪ್ಪ ತಂತಿ ಒಮ್ಮೆ ಗೊರ್ ಎಂದಿತು. ಅವನ ಬಲಗೈ ಕೂಡಲೇ ಹಗುರವಾಯಿತು. ಅಕ್ಕ ಅವನ ಉಂಗುರಬೆರಳನ್ನೇ ನೋಡುತ್ತಿದ್ದಳು. ಕಡೆಯ ಸಾಲಿನಲ್ಲಿ ಅದು ನಡುಗಿತು, ಆದರೆ ತಂತಿ ಬಿಡಲಿಲ್ಲ.

ಹಾಡು ಮುಗಿಯಿತು. ಮಾಸ್ಟರು ಟವೆಲಿನಿಂದ ಕತ್ತು ಒರೆಸಿಕೊಂಡು ಅದನ್ನೇ ತಮ್ಮನ ಕಡೆ ಎಸೆದರು.

"ತಂತಿ ಒರೆಸೋ ಕೊಳಕ. ಎರಡನೇ ಹಾಡು."

ಬದಲಿಯವನು ತನ್ನ ಗಿಟಾರನ್ನು ಚೀಲಕ್ಕಿಟ್ಟು ಜಿಪ್ ಮುಚ್ಚಿದ.