ಮಾಮಾ ಲೋಕಿ

ಆ ಕೈಯೊಂದು ಯಾರ ಕಣ್ಣಿಗೂ ಬೀಳದಿದ್ದರೆ ಸಾಕು ಎಂದು ಮಂಜುಶ್ರೀ ತನ್ನೊಳಗೇ ಹೇಳಿಕೊಂಡಳು. ದೊಡ್ಡಪ್ಪನ ಮಗ ಗೋಪಿ ಲೈಟ್ ಕಂಬಕ್ಕೆ ಏಣಿ ಆನಿಸಿ ಫ್ಲೆಕ್ಸಿನ ಮೂಲೆಯ ಹಗ್ಗ ಎಳೆಯುತ್ತಿದ್ದ. ಫ್ಲೆಕ್ಸಿನಲ್ಲಿ ಅಮ್ಮ ಯಮುನಾ ನಗುತ್ತಿದ್ದಳು.

"ನೆಟ್ಟಗಿದೆಯಾ ನೋಡು ಮಂಜು."

"ಹ್ಞೂಂ."

ಅವಳು ನೋಡುತ್ತಿದ್ದುದು ನೆಟ್ಟಗಿದೆಯೋ ಸೊಟ್ಟಗಿದೆಯೋ ಎಂಬುದನ್ನಲ್ಲ, ಅಮ್ಮನ ಎಡ ಭುಜವನ್ನು.

ನಿನ್ನೆ ಮಧ್ಯಾಹ್ನ ಹಿಟ್ಟಿನ ಮಿಲ್ಲಿನಲ್ಲಿ ಎದೆನೋವು ಎಂದ ಅಮ್ಮ ಆಸ್ಪತ್ರೆ ಮುಟ್ಟಲಿಲ್ಲ. ಸಂಜೆ ಗೋಪಿ ಬಂದು, ಒಂದು ಒಳ್ಳೆ ಫೋಟೊ ಕಳಿಸು, ಚಂದಾಪುರದಲ್ಲಿ ಫ್ಲೆಕ್ಸ್ ಮಾಡಿಸಬೇಕು ಎಂದಿದ್ದ. ಫೋನಿನಲ್ಲಿದ್ದ ಫೋಟೊಗಳಲ್ಲೆಲ್ಲ ಅಮ್ಮನ ಹುಬ್ಬಿನ ಮೇಲೆ ಹಿಟ್ಟು, ಇಲ್ಲವೇ ಕಣ್ಣು ಮುಚ್ಚಿತ್ತು. ಬಾಯಿತುಂಬ ನಕ್ಕಿದ್ದು ಒಂದರಲ್ಲಿ ಮಾತ್ರ. ಕೀನ್ಯಾದಲ್ಲಿ, ತಗಡಿನ ಮನೆಯ ಮುಂದೆ, ಸೊಂಟದ ಮೇಲೆ ಮಗು ಕೂರಿಸಿಕೊಂಡು ತೆಗೆಸಿಕೊಂಡ ಹಳೆಯ ಫೋಟೊದ ಪ್ರತಿ. ಅದನ್ನೇ ಕಳಿಸಿದಳು. ಜೊತೆಗೆ 'ಪಾಪು ಇದೆ, ಹುಷಾರು' ಎಂದು ಬರೆದು, ಯಾರ ಪಾಪು ಎಂದು ಅವನು ಕೇಳಿಬಿಟ್ಟರೆ ಎಂದು ಅಳಿಸಿದ್ದಳು.

ಫ್ಲೆಕ್ಸ್ ಅಂಗಡಿಯವನು ಮಗುವನ್ನು ಕತ್ತರಿಸಿ ತೆಗೆದು, ಅಮ್ಮನ ಹಿಂದೆ ನೀಲಿ ಆಕಾಶ, ಎರಡು ದೀಪ ಇಟ್ಟಿದ್ದ. ಆದರೆ ಅಮ್ಮನ ಭುಜ ಹಿಡಿದಿದ್ದ ಮಗುವಿನ ಕೈ ಹಾಗೇ ಉಳಿದುಬಿಟ್ಟಿತ್ತು. ಸೀರೆಯ ಅಂಚಿನ ಮೇಲೆ ನಾಲ್ಕು ಪುಟ್ಟ ಬೆರಳು. ಕೆಳಗೆ ದಪ್ಪ ಅಕ್ಷರದಲ್ಲಿ: ದುಃಖತಪ್ತರು, ಪತಿ ಮುನಿಕೃಷ್ಣ, ಮಗಳು ಮಂಜುಶ್ರೀ ಮತ್ತು ಕುಟುಂಬದವರು.

ಹೂವಿನ ಬುಟ್ಟಿ ಹಿಡಿದು ಬಂದ ದೊಡ್ಡಮ್ಮ ಅಂಜಿನಮ್ಮ ತಲೆಯೆತ್ತಿ ನೋಡಿದಳು.

"ಅದೇನ್ಲಾ ಗೋಪಿ, ನಿಮ್ಮ ಚಿಕ್ಕಮ್ಮನ ಬುಜದ ಮ್ಯಾಲೆ? ಅಲ್ಲಿ ಏನೋ ಕುಂತಂಗೈತೆ."

"ಪ್ರಿಂಟಿಂಗ್ ಮಿಸ್ಟೇಕ್ ಕಣಮ್ಮ. ಅರ್ಜೆಂಟ್ ಅರ್ಜೆಂಟ್ ಅಂತ ತಲೆ ತಿಂದಿದ್ದೆ ಅವನಿಗೆ."

ಅಂಜಿನಮ್ಮ ಇನ್ನೊಮ್ಮೆ ನೋಡಿದಳು. ಈ ಸಲ ಅವಳ ತುಟಿ ಏನೋ ಹೇಳಹೊರಟು ನಿಂತಿತು. ಮಂಜುಶ್ರೀಯ ಮುಖ ನೋಡದೆ, ಬುಟ್ಟಿಯಿಂದ ಚೆಂಡುಹೂವಿನ ಮಾರು ತೆಗೆದು ಮಗನ ಕೈಗಿತ್ತಳು.

"ಇದ ಇಳಿಬಿಡು ಆ ಕಡೆ. ಜನ ಬರೋ ಒತ್ತು."

ಹೂವು ಭುಜದ ಮೇಲೆ ಇಳಿಯಿತು. ಕೈ ಮುಚ್ಚಿಹೋಯಿತು. ಮಂಜುಶ್ರೀಗೆ ನಿರಾಳವಾಯಿತು. ಆಮೇಲೆ ಆ ನಿರಾಳಕ್ಕೇ ನಾಚಿಕೆಯಾಯಿತು.

*

ಅಮ್ಮನನ್ನು ಮಿಲ್ಲಿನ ಶಟರಿನ ಮುಂದೆ ಮಲಗಿಸಿದ್ದರು. ಅರಿಶಿನ ಹಚ್ಚಿ, ಹಸಿರು ಬಳೆ ತೊಡಿಸಿ, ಹಣೆತುಂಬ ಕುಂಕುಮ ಇಟ್ಟಿದ್ದರು. ಅಪ್ಪ ಮುನಿಕೃಷ್ಣ ಶಟರಿಗೆ ಬೆನ್ನು ಕೊಟ್ಟು ಕೂತಿದ್ದ.

ಆನೇಕಲ್ ಕಡೆಯ ನೆಂಟರು ಶಾಮಿಯಾನದ ಕೆಳಗೆ ಕುರ್ಚಿ ಹಿಡಿದಿದ್ದರು.

"ಮುನಿಕೃಷ್ಣ ಆಫ್ರಿಕಾದಾಗೆ ಮಿಷನ್ ಇಟ್ಟಿದ್ನಲ್ಲ, ಅಲ್ಲೂ ಬೀಸ್ತಿದ್ದೋಳು ಇವಮ್ಮನೇ ಅಂತೆ."

"ಸಿಂಹ ಗಿಂಹ ಬರ್ತಿತ್ತೇನೋ ಇಟ್ಟು ಮಾಡಿಸ್ಕಣಾಕೆ?"

"ಬಂದಿದ್ರೆ ಅದನ್ನೂ ಸಾಲಲ್ಲಿ ನಿಲ್ಲಿಸ್ತಿದ್ಲು ಬುಡು. ನಮ್ಮ ಪಂಚಾಯ್ತಿ ಮೆಂಬರ್‌ನೇ ನಿಲ್ಲಿಸಿದ್ಲಂತೆ, ನಿನ್ನ ಡಬ್ಬ ಇಂದ್ಗಡೆ ಐತೆ ಸುಮ್ಕಿರು ಅಂತ."

ನಗು ಬಂತು, ಬಂದಷ್ಟೇ ಬೇಗ ಕೆಮ್ಮಾಯಿತು. ದೊಡ್ಡಪ್ಪ ಬೈರಪ್ಪ ಮಡಕೆ, ಬಿದಿರು, ಬಾಳೆಎಲೆ ಎಲ್ಲ ಬಂದಿದೆಯೇ ಎಂದು ನೋಡುತ್ತ ಓಡಾಡುತ್ತಿದ್ದ.

"ಮಡಕೆ ಇಡಿಯೋರು ಯಾರಪ್ಪಾ?" ಎಂದು ಯಾರೋ ಕೇಳಿದರು.

"ಗಂಡು ಮಗ ಇಲ್ವಲ್ಲ. ನಮ್ಮ ಗೋಪಿನೇ ಇಡೀತಾನೆ."

ಅಪ್ಪನ ತಲೆ ಒಂದಿಷ್ಟು ಮೇಲಕ್ಕೆದ್ದು ಮತ್ತೆ ಬಾಗಿತು. ಮಂಜುಶ್ರೀ ಅಮ್ಮನ ಕಾಲ ಬಳಿ ಕೂತು ಸೀರೆಯ ನೆರಿಗೆಯನ್ನು ಸುಮ್ಮನೆ ಸರಿಮಾಡುತ್ತಿದ್ದಳು.

*

ಅಪ್ಪ ಆನೇಕಲ್ಲಿನ ಆಚೆ ಗುಲಾಬಿ ಫಾರಮ್ಮಿನಲ್ಲಿ ಕಸಿ ಕಟ್ಟುತ್ತಿದ್ದ. ಅದೇ ಕೆಲಸಕ್ಕೆ ಕೀನ್ಯಾದ ನೈವಾಶಾ ಎಂಬ ಊರಿಗೆ ಕರೆ ಬಂತು. ಹೆಂಡತಿಯನ್ನೂ ಇನ್ನೂ ಹಾಲು ಬಿಡದ ಮಗ ಲೋಕೇಶನನ್ನೂ ಕರೆದುಕೊಂಡೇ ಹೋದ. ಕೈಗೂಸನ್ನು ಸಮುದ್ರ ದಾಟಿಸಬೇಡ ಎಂದು ಬೈರಪ್ಪ ಹೇಳಿದ್ದನಂತೆ.

ಅಲ್ಲಿಯ ಸಂತೆಯಲ್ಲಿ ಅಮ್ಮ ಮೊದಲ ಸಲ ರಾಗಿಯ ರಾಶಿ ಕಂಡು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟಳಂತೆ. ಅವರು ಅದನ್ನು ವಿಂಬಿ ಎನ್ನುತ್ತಿದ್ದರು. ಮುಸುಕಿನ ಜೋಳದ ಹಿಟ್ಟಿನಲ್ಲಿ ಮುದ್ದೆಯಂಥದ್ದೇ ಮಾಡಿ, ಮುರಿದು, ಸೊಪ್ಪಿನ ಜೊತೆ ಉಣ್ಣುತ್ತಿದ್ದರು. "ಮುದ್ದೆ ತಿನ್ನೋರಿಗೆ ಇನ್ನೇನ್ರೀ ಬೇಕು, ಒಂದು ಮಿಷನ್ ಹಾಕೋಣ" ಎಂದವಳು ಅಮ್ಮನೇ. ಫಾರಮ್ಮಿನ ಕರಾರು ಮುಗಿದ ಮೇಲೆ ಅಪ್ಪ ಡೀಸೆಲ್ ಮಿಷನ್ ಹಾಕಿದ.

ಆ ಊರಲ್ಲಿ ಹೆಂಗಸರನ್ನು ಹೆಸರು ಹಿಡಿದು ಕರೆಯುವುದಿಲ್ಲ. ಮೊದಲ ಮಗುವಿನ ಹೆಸರಿನ ಮುಂದೆ 'ಮಾಮಾ' ಸೇರಿಸುತ್ತಾರೆ. ಅವರ ಮಾತಿನಲ್ಲಿ ಹಾಗೆಂದರೆ ತಾಯಿ. ಅಲ್ಲಿಗೆ ಹೋದ ಮೊದಲ ವಾರದಲ್ಲೇ ಅಮ್ಮ ಮಾಮಾ ಲೋಕಿ ಆದಳು. ಮಿಷನ್ ಹಾಕುವ ಹೊತ್ತಿಗೆ ಲೋಕಿ ಇರಲಿಲ್ಲ. ಜ್ವರ ಬಂದು, ಎದೆ ಕಟ್ಟಿ, ಹೋಗಿಬಿಟ್ಟಿದ್ದ. ಅಪ್ಪ ಅವನನ್ನು ಎತ್ತಿಕೊಂಡು ಹೋಗಿ ಊರಾಚೆ ಮಣ್ಣು ಮಾಡಿ ಬಂದ. ಅಕ್ಕಪಕ್ಕದ ಹೆಂಗಸರು ಬಂದು ಅಮ್ಮನ ಜೊತೆ ಕೂತರು, ನೀರು ಹೊತ್ತು ತಂದರು, ಒಲೆ ಹಚ್ಚಿದರು. ಹೊರಡುವಾಗ ಎಂದಿನಂತೆ, ಬರ್ತೀವಿ ಮಾಮಾ ಲೋಕಿ, ಎಂದೇ ಹೇಳಿ ಹೋದರು. ಮಗು ಹೋದರೆ ಹೆಸರು ಹೋಗಬೇಕು ಎಂದು ಅಲ್ಲಿ ಯಾರಿಗೂ ಅನಿಸಲಿಲ್ಲ.

ಆಮೇಲೆ ಮಂಜುಶ್ರೀ ಹುಟ್ಟಿದಳು, ಮಿಲ್ಲಿನ ಸದ್ದಿನಲ್ಲೇ ಬೆಳೆದಳು. ಬಂದವರೆಲ್ಲ ಮಾಮಾ ಲೋಕಿ, ಮಾಮಾ ಲೋಕಿ ಎಂದು ಕರೆಯುವುದು ಕೇಳಿ ಒಂದು ದಿನ ಮುನಿಸಿಕೊಂಡಳು.

"ನಾನಿಲ್ವಾ? ಮಾಮಾ ಮಂಜು ಅಂತ ಯಾಕೆ ಕರೆಯಲ್ಲ ನಿನ್ನ?"

ಅಮ್ಮ ಹಿಟ್ಟಿನ ಕೈಯಲ್ಲೇ ಅವಳ ಗಲ್ಲ ಹಿಡಿದು, ಮಿಷನ್ನಿನ ಮುಂದೆ ಸಾಲಾಗಿ ಇಟ್ಟಿದ್ದ ಡಬ್ಬಗಳ ಕಡೆ ತಿರುಗಿಸಿದಳು. ಜನ ಡಬ್ಬ ಇಟ್ಟು ಸಂತೆಗೆ ಹೋಗಿದ್ದರು.

"ಇವರೆಲ್ಲ ಇಲ್ಲಿದಾರಾ?"

"ಇಲ್ಲ."

"ಮತ್ತೆ ಹಿಂದೆ ಬಂದೋರು ಡಬ್ಬ ಎತ್ತಿ ಪಕ್ಕಕ್ಕಿಡಬಹುದಾ?"

"ಊಹ್ಞೂಂ. ಜಗಳ ಆಗುತ್ತೆ."

"ನಿಮ್ಮಣ್ಣನೂ ಅಷ್ಟೇ ಕಣೇ. ಡಬ್ಬ ಇಟ್ಟು ಹೋಗಿದಾನೆ."

ಮಂಜುಶ್ರೀಗೆ ಹತ್ತು ವರ್ಷವಾದಾಗ ಮಿಲ್ಲು ಮಾರಿ ಊರಿಗೆ ಬಂದರು. ಮೊದಲ ರಾತ್ರಿ ಊಟಕ್ಕೆ ಕೂತಾಗ ಬೈರಪ್ಪ, "ಬ್ಯಾಡ ಅಂದೆ. ಕೇಳಿದ್ಯಾ? ತಗಂಡೋಗಿ ಮಣ್ಣಿಗಾಕಿ ಬಂದೆ" ಎಂದ. ಅಪ್ಪ ಅರ್ಧ ಉಂಡ ತಟ್ಟೆಯಲ್ಲೇ ಕೈ ತೊಳೆದು ಎದ್ದ. ಒಳಗೆ ಬಂದು ಹೆಂಡತಿ ಮಗಳಿಬ್ಬರಿಗೂ ಮೆಲ್ಲಗೆ ಹೇಳಿದ: "ಈ ಮನೇಲಿ ಆ ಹೆಸರು ಎತ್ತಬೇಡಿ. ನನ್ನ ಕೈಲಿ ಆಗಲ್ಲ."

ಯಾರೂ ಎತ್ತಲಿಲ್ಲ. ಊರಲ್ಲಿ ಹಾಕಿದ ಹೊಸ ಮಿಲ್ಲಿನಲ್ಲಿ ಅಮ್ಮ ಮಂಜು ಅವರಮ್ಮ ಆದಳು. ಮೊದಮೊದಲು ಹಾಗೆ ಕರೆದರೆ ಅವಳು ತಿರುಗುತ್ತಲೇ ಇರಲಿಲ್ಲ. ಮಿಷನ್ನಿನ ಸದ್ದಿಗೆ ಕಿವಿ ಮಂದವಾಗಿದೆ ಪಾಪ, ಎಂದು ಊರವರು ಮಾತಾಡಿಕೊಂಡರು.

*

ಅಮ್ಮನ ಬಾಯಿಗೆ ಅಕ್ಕಿ ಹಾಕುವ ಹೊತ್ತಿಗೆ ಹನುಮವ್ವ ಬಂದಳು. ರಾಯಚೂರು ಕಡೆಯವಳು. ಹಿಂದಿನ ಬೀದಿಯ ಶೀಟಿನ ಮನೆಯಲ್ಲಿ ಬಾಡಿಗೆಗಿದ್ದು ಕಟ್ಟಡದ ಕೆಲಸಕ್ಕೆ ಹೋಗುವವಳು. ಭಾನುವಾರ ಜೋಳ ತಂದರೆ ಹಿಟ್ಟಾದ ಮೇಲೂ ಅಮ್ಮನ ಪಕ್ಕ ಗೋಣಿಚೀಲ ಹಾಸಿಕೊಂಡು ಗಂಟೆಗಟ್ಟಲೆ ಕೂರುತ್ತಿದ್ದವಳು. ಸಿಮೆಂಟು ಮೆತ್ತಿದ ಅಂಗಿಯನ್ನು ಸೀರೆಯ ಮೇಲೆ ಹಾಗೇ ತೊಟ್ಟು ಓಡಿಬಂದು, ಹೆಣದ ಎದೆಯ ಮೇಲೆ ಬಿದ್ದು, ತನ್ನ ಊರಿನ ಕ್ರಮದಲ್ಲಿ ಹಾಡಿನಂತೆ ಅಳತೊಡಗಿದಳು.

"ಲೋಕೀನ ಅವ್ವಾ... ನನ್ನವ್ವಾ... ನಿನ್ನೆ ಬಾ ಅಂದಿದ್ದೆಲ್ಲ ನನ್ನ... ಹಿಟ್ಟು ಬೀಸಿಡ್ತೀನಿ ಅಂದಿದ್ದೆಲ್ಲ... ಎಲ್ಲಿ ಹ್ವಾದಿ ಲೋಕೀನ ಅವ್ವಾ..."

ತಮಟೆ ಹೊಡೆಯುವವನ ಕೈ ನಿಂತಿತು.

"ಯಾರಮ್ಮ ಲೋಕಿ?" ಗೋಪಿ ತಾಯಿಯನ್ನು ಕೇಳಿದ.

ಹನುಮವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡು ಸುತ್ತ ನೋಡಿದಳು. "ಲೋಕಿ ಬಂದಿಲ್ಲೇನ್ರೀ? ಹಡದವ್ವನ ಮಾರಿ ನೋಡಾಕ ಬ್ಯಾಡೇನ್ರೀ? ಅಷ್ಟು ದೂರದಿಂದ ಬರಾಕ ಹೊತ್ತಾಕ್ಕೈತಿ, ಈಗ ಎತ್ತಬ್ಯಾಡ್ರೀ ಯಪ್ಪಾ."

"ಯಾರನ್ನ ಕೇಳ್ತಿದೀಯಮ್ಮ?" ಬೈರಪ್ಪನ ದನಿ ಗಡುಸಾಯಿತು.

"ಅಕ್ಕಾರ ದೊಡ್ಡ ಮಗನ್ರೀ. ಆಫ್ರಿಕಾದಾಗ ಅದಾನಂತ. ನನಗ ಲೋಕೀನ ಅವ್ವ ಅಂತ ಕರಿ ಅಂದಿದ್ರು. ಹಂಗ ಕರದ್ರ ಮಾರಿ ಅರಳತಿತ್ತು."

"ನಿಂಗೆ ಯಾರೋ ತಪ್ಪು ಏಳವ್ರೆ. ನಮ್ಮ ಯಮುನಂಗೆ ಒಬ್ಳೇ ಮಗಳು."

"ಇಲ್ರೀ, ಅಕ್ಕಾರೇ—"

"ಒಬ್ಳೇ ಅಂದ್ನಲ್ಲ. ಅದ್ಯಾವನೋ ಲೋಕಿನ ತಂದು ಇಲ್ಲಿ ಅಳ್ಬೇಡ."

ಹನುಮವ್ವ ಮಂಜುಶ್ರೀಯ ಕಡೆ ನೋಡಿದಳು. ನೀನಾದರೂ ಹೇಳವ್ವ, ಎಂಬ ನೋಟ. ಮಂಜುಶ್ರೀ ತಲೆ ತಗ್ಗಿಸಿದಳು. ಹೇಳಬೇಕಾದ ವಾಕ್ಯ ಅವಳೊಳಗೆ ಪೂರ್ತಿಯಾಗಿ, ಡೈರಿಯಲ್ಲಿ ಬರೆಯುವಂತೆ ಅಂದವಾಗಿ ಇತ್ತು. ಆದರೆ ಎದುರಿಗೆ ಅಪ್ಪನಿದ್ದ. ಅವನ ಎರಡೂ ಕೈ ಮೊಣಕಾಲನ್ನು ಗಟ್ಟಿಯಾಗಿ ಹಿಡಿದಿದ್ದವು.

"ತಪ್ಪು ತಿಳ್ಕೊಂಡೀನೇನೋ ಬಿಡ್ರೀ," ಎಂದು ಹನುಮವ್ವ ಎದ್ದು, ಜನರ ಹಿಂದೆ ಹೋಗಿ ನಿಂತಳು. ಅಲ್ಲಿ ಅವಳು ಅಳಲೂ ಇಲ್ಲ. ಯಾರ ಹೆಸರು ಹಿಡಿದು ಅಳಬೇಕು ಎಂದು ತಿಳಿಯದವಳಂತೆ ಬಾಯಿಗೆ ಸೆರಗು ಒತ್ತಿ ನಿಂತಿದ್ದಳು.

*

ಊರಿನ ಸ್ಮಶಾನಕ್ಕೆ ಈಗ ಮೂರು ಕಡೆ ಕಂಪನಿಗಳ ಕಾಂಪೌಂಡು. ಗುಂಡಿಯನ್ನು ಜೆಸಿಬಿ ತೋಡಿ ಪಕ್ಕಕ್ಕೆ ನಿಂತಿತ್ತು. ಅದರ ಡ್ರೈವರು ಮೇಲೆ ಕೂತು ಫೋನು ನೋಡುತ್ತಿದ್ದ. ಗೋಡೆಯಾಚೆ ಯಾವುದೋ ಶಿಫ್ಟು ಬಿಟ್ಟು ಬಸ್ಸುಗಳು ಒಂದರ ಹಿಂದೊಂದು ಹೊರಟವು.

ಗೋಪಿ ಮಡಕೆ ಹೊತ್ತು ಸುತ್ತಿ ಬಂದು ಹಿಂದಕ್ಕೆ ಕೆಡವಿದ. ಅಮ್ಮನನ್ನು ಇಳಿಸಿದರು.

"ಮನೆಯೋರು ಮಣ್ಣು ಆಕ್ರಪ್ಪ. ಮುನಿಕೃಷ್ಣ, ನೀನು ಮೊದ್ಲು."

ಅಪ್ಪ ಬಗ್ಗಿ ಹಿಡಿಯಲ್ಲಿ ಮಣ್ಣು ತೆಗೆದುಕೊಂಡ. ತೆಗೆದುಕೊಂಡವನು ಹಾಗೇ ನಿಂತ. ಹಿಡಿ ಬಿಚ್ಚಲಿಲ್ಲ. ಇಂಥದ್ದೇ ಇನ್ನೊಂದು ಗುಂಡಿಯ ಅಂಚಿನಲ್ಲಿ, ನೆಂಟರಿಲ್ಲದ ಊರಿನಲ್ಲಿ, ಅವನು ಒಬ್ಬನೇ ನಿಂತಿದ್ದನ್ನು ಮಂಜುಶ್ರೀ ಕಂಡಿರಲಿಲ್ಲ. ಈಗ ಕಂಡಳು. ಬೈರಪ್ಪ ತಮ್ಮನ ಬೆನ್ನ ಮೇಲೆ ಕೈಯಿಟ್ಟು, "ಬುಡಪ್ಪಾ, ಬುಡು" ಎಂದ. ಮಣ್ಣು ಬಿತ್ತು.

ಆಮೇಲೆ ಗೋಪಿ, ಆಮೇಲೆ ಮಂಜುಶ್ರೀ. ಅಂಜಿನಮ್ಮ ತನ್ನದನ್ನು ಹಾಕಿ ಇನ್ನೊಂದು ಹಿಡಿ ತೆಗೆದುಕೊಂಡಳು. "ಇದು ನಮ್ಮ ಮಗಳು ಮಂಗಳದು, ಯಮುನಾ. ಬಸುರಿ, ಇಲ್ಲಿಗೆ ಬರೋ ಅಂಗಿಲ್ಲ. ಬೇಜಾರು ಮಾಡ್ಕಬ್ಯಾಡ." ಬರಲಾಗದವರ ಹೆಸರಿನಲ್ಲಿ ಮನೆಯವರು ಮಣ್ಣು ಹಾಕುವುದು ಅವರಲ್ಲಿ ನಡೆದುಬಂದದ್ದು. ಮುಂಬೈಯಲ್ಲಿದ್ದ ಸೋದರಮಾವನ ಹೆಸರಿನಲ್ಲಿ ಒಬ್ಬರು ಹಾಕಿದರು. ಮೊಣಕಾಲು ನೋವಿನ ಅಜ್ಜಿಯೊಬ್ಬಳ ಹೆಸರಿನಲ್ಲಿ ಇನ್ನೊಬ್ಬರು.

"ಬರಕ್ಕಾಗ್ದೋರ್ದು ಇನ್ಯಾರ್ದಾದ್ರೂ ಐತಾ?" ಬೈರಪ್ಪ ಸುತ್ತ ನೋಡಿದ. ಅವನು ಜೆಸಿಬಿಯ ಕಡೆ ಕೈ ಬೀಸಿದ. ಎಂಜಿನ್ನು ಗುಡುಗಿ ಶುರುವಾಯಿತು. ಜನ ಹಿಂದಕ್ಕೆ ಸರಿದರು. ಗೋಡೆಯ ಬಳಿ ಹನುಮವ್ವ ಒಬ್ಬಳೇ ಹಿಂದಿರುಗಿ ನಡೆಯಲು ತಿರುಗಿದ್ದಳು.

ಮಂಜುಶ್ರೀ ಹಿಂದಕ್ಕೆ ಸರಿಯಲಿಲ್ಲ. ಬಗ್ಗಿ ಮಣ್ಣು ತೆಗೆದುಕೊಂಡಳು. "ಇದೆ," ಎಂದಳು. ಅವಳಿಗೇ ಕೇಳಿಸಲಿಲ್ಲ.

"ಮಂಜು, ಈಚೆ ಬಾರವ್ವ!" ಎಂದು ಅಂಜಿನಮ್ಮ ಕೂಗಿದಳು.

"ಇದೆ ದೊಡ್ಡಪ್ಪಾ! ಇನ್ನೊಬ್ಬರದು ಇದೆ!"

ಅಷ್ಟು ದೊಡ್ಡ ದನಿ ಅವಳಲ್ಲಿರುವುದು ಯಾರಿಗೂ ಗೊತ್ತಿರಲಿಲ್ಲ. ಡ್ರೈವರು ಎಂಜಿನ್ನು ಆರಿಸಿದ. ಹನುಮವ್ವ ನಿಂತಳು. ಬೈರಪ್ಪ ಏನೋ ಹೇಳಲು ಬಾಯಿ ತೆರೆದ. ಆದರೆ ಅವನ ತೋಳನ್ನು ಅಪ್ಪ ಹಿಡಿದಿದ್ದ.

ಮಂಜುಶ್ರೀ ಅಪ್ಪನ ಮುಖವನ್ನೇ ನೋಡುತ್ತ ಗುಂಡಿಯ ಮೇಲೆ ಕೈ ಚಾಚಿದಳು. ಬೆರಳ ಸಂದಿಯಿಂದ ಕೆಮ್ಮಣ್ಣು ಆಗಲೇ ಸಣ್ಣಗೆ ಉದುರತೊಡಗಿತ್ತು.

"ಇದು ನಮ್ಮಣ್ಣ ಲೋಕಿದು," ಎಂದಳು. "ನಮ್ಮಮ್ಮಂಗೆ ಇಬ್ರು ಮಕ್ಕಳು."