ಇನ್ನೊಂದು ಇರಲಿ

ಇಪ್ಪತ್ತು ವರ್ಷ ಗಂಡ ಹೊಲಿದ ಅಂಗಿಗಳಿಗೆಲ್ಲ ಗುಂಡಿ ಹಾಕಿದವಳಿಗೆ ಗುಂಡಿಯ ಸದ್ದು ಗೊತ್ತಾಗದೆ ಇರುತ್ತದೆಯೆ? ಆ ಬೆಳಿಗ್ಗೆ ಗಂಡನ ಮಾತ್ರೆ ಡಬ್ಬಿ ಕೈಗೆತ್ತಿಕೊಂಡಾಗ ಒಳಗಿನ ಸದ್ದು ಕೇಳಿ ದರ್ಜಿಯ ಹೆಂಡತಿ ಮುಚ್ಚಳ ತೆಗೆದಳು. ಅಂಗೈಗೆ ಸುರಿದಳು. ಮೂರೇ ಮಾತ್ರೆ, ಉಳಿದದ್ದೆಲ್ಲ ಬಿಳಿ ಗುಂಡಿ.

ಬೆನ್ನಿನ ಆಪರೇಶನ್ ಆದಾಗ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. "ನೋವು ತಡೆಯೋ ಹಾಗಾದ್ರೆ ಸಾಕು, ಪೂರ್ತಿ ಹೋಗ್ಲಿ ಅಂತ ನುಂಗಬೇಡಿ. ವಾರವಾರ ನಾನೇ ಇಳಿಸ್ತೀನಿ. ನೀವಾಗಿ ಏರಿಸಬೇಡಿ, ಒಮ್ಮೆಲೇ ನಿಲ್ಲಿಸಲೂಬೇಡಿ."

ದರ್ಜಿ ಹೇಳಿದಂತೆ ನಡೆದ. ಎಡವಟ್ಟಾಗಿದ್ದು ಶಾಲೆಯ ಸಮವಸ್ತ್ರಗಳನ್ನು ಕೊಡಬೇಕಾದ ದಿನ. ಹೊಲಿಗೆಯ ಒಳಗೆ ಅರ್ಧ ಇಂಚು ಬಟ್ಟೆ ಹೆಚ್ಚಿಗೆ ಬಿಡುವುದು ಅವನ ಪದ್ಧತಿ. "ಇರಲಿ, ಮುಂದೆ ಬೇಕಾಗುತ್ತೆ" ಅನ್ನುತ್ತಿದ್ದ. ಅವತ್ತು ಅವನು ಸೊಂಟ ಹಿಡಿದು ಕೂತಾಗ, ಅವನ ಮಾತನ್ನೇ ಅವಳು ಅವನಿಗೆ ತಿರುಗಿಸಿದ್ದಳು.

"ಇನ್ನೊಂದು ಇರಲಿ, ನುಂಗಿ. ಕೆಲಸ ಮುಗೀಲಿ."

ಕೆಲಸವೇನೋ ಮುಗಿಯಿತು. ಆ ಇನ್ನೊಂದು ಮಾತ್ರ ಮುಗಿಯಲಿಲ್ಲ.

ಈಗ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಆ ಗುಂಡಿಗಳನ್ನು ಸುರಿದಳು. "ಏನ್ರೀ ಇದು?"

"ಡಬ್ಬಿ ಖಾಲಿ ಕಂಡು ನಿನ್ನ ಲೆಕ್ಕ ತಪ್ಪಬಾರದು ಅಂತ" ಎಂದು ನಗಲು ಹೋದ. ನಗು ಬರಲಿಲ್ಲ. ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟ. "ಮೊದಲು ಒಂದಕ್ಕೆ ಹೋಗ್ತಿದ್ದ ನೋವು ಈಗ ಎರಡಕ್ಕೂ ಜಗ್ಗಲ್ಲ ಕಣೇ. ನೋವಿಗಿಂತ ಮುಂಚೆ ಅದರ ಭಯ ಬರುತ್ತೆ. ಆ ಭಯಕ್ಕೇ ನುಂಗ್ತೀನಿ."

ಅವಳಿಗೆ ಸಿಟ್ಟು ನೆತ್ತಿಗೇರಿತು. ಉಳಿದ ಮೂರನ್ನೂ ಮೋರಿಗೆ ಎಸೆಯಲು ಬಾಗಿಲವರೆಗೆ ಹೋದಳು. ಒಮ್ಮೆಲೇ ನಿಲ್ಲಿಸಬೇಡಿ ಎಂದಿದ್ದು ನೆನಪಾಗಿ ಅಲ್ಲೇ ನಿಂತಳು. ಕೊಟ್ಟರೂ ಕಷ್ಟ, ಬಿಟ್ಟರೂ ಕಷ್ಟ. ಡಬ್ಬಿಯನ್ನು ಸೆರಗಿಗೆ ಕಟ್ಟಿಕೊಂಡು, ಅಂಗಡಿಗೆ ಬೀಗ ಹಾಕಿ, ಗಂಡನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಡಾಕ್ಟರಮ್ಮ ಬೈಯಲಿಲ್ಲ. "ನಿಧಾನವಾಗಿ ಇಳಿಸೋಣ, ಆಗುತ್ತೆ. ದಿನಕ್ಕೆ ಎಷ್ಟು ಅಂತ ನಿಜ ಹೇಳಿ. ಹೆಚ್ಚಿಗೆ ತಗೊಳ್ಳೋಕೆ ಶುರು ಮಾಡಿದ್ದು ಯಾವಾಗ?"

ದರ್ಜಿ ನೆಲ ನೋಡುತ್ತಾ, "ತಪ್ಪು ನಂದೇ ಡಾಕ್ಟ್ರೇ. ಇವಳಿಗೇನೂ ಗೊತ್ತಿರಲಿಲ್ಲ" ಎಂದ.

ಕಳ್ಳತನ ಮಾಡಿಯೂ ಹೆಂಡತಿಯ ಮಾನ ಕಾಯುತ್ತಿದ್ದಾನಲ್ಲ ಎಂದು ಅವಳಿಗೆ ತಾಳಲಾಗಲಿಲ್ಲ. ಸೆರಗಿನ ಗಂಟು ಬಿಚ್ಚಿ ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

"ಮೊದಲನೇದು ಕೊಟ್ಟೋಳು ನಾನು" ಎಂದಳು.